ಮೂಗಿನಿಂದ ಇಳಿದ ಹಳದಿ

ಜುಲೈ 3, ಬೆಳಗ್ಗೆ

ಬಿಸಿಲೇರುವ ಮೊದಲೇ ಹಾಳು ಎಣ್ಣೆಗಾಣದ ಹಿಂದಿನ ತಿಪ್ಪೆಗೆ ಹೋಗಿ ಕತ್ತೆಸೌತೆ ಕಿತ್ತು ತಂದೆ. ಹೆಬ್ಬೆರಳಿನಷ್ಟು ಕಾಯಿ, ಮೈತುಂಬ ಸುಂಕು. ಬಲಿತದ್ದನ್ನು ಮುಟ್ಟಿದರೆ ಸಾಕು, ತೊಟ್ಟು ಕಳಚಿ ಬೀಜ, ರಸ ಎಲ್ಲ ಪಿಚಕಾರಿ ಥರ ಮುಖಕ್ಕೆ. ಎಲ್ಲರ ಕೈಗೂ ಬಗ್ಗುವ ಗಿಡ ಅಲ್ಲ. ನನ್ನ ಕೈಗೆ ಬಗ್ಗುತ್ತೆ.

ದಾರಿಯಲ್ಲಿ ಹೊಸ ದನದ ಡಾಕ್ಟರು ಸಿಕ್ಕಿದರು. “ಸ್ವಲ್ಪ ಹಿಡ್ಕೊಳ್ಳಿ ಡಾಕ್ಟ್ರೇ, ಶೂ ದಾರ ಕಟ್ಕೋತೀನಿ” ಅಂತ ಒಂದು ಬಲಿತದ್ದು ಕೊಟ್ಟೆ... ಕನ್ನಡಕದ ತುಂಬ ಬೀಜ! ಚಹಾ ಅಂಗಡಿಯವರು ಇನ್ನೂ ನಗುತ್ತಿದ್ದಾರೆ.

ರಸ ಹಿಂಡಿ, ಸೋಸಿ, ನೀರು ಬೆರೆಸಿ ಇಟ್ಟಿದ್ದೇನೆ. ಸಂಜೆ ಕೆಳಗಿನ ಊರಿಂದ ಸೈನಸ್ ಇರುವವನೊಬ್ಬ ಬರುತ್ತಾನೆ. ಮೂಗಿಗೆ ಒಂದು ಹನಿ — ತಲೆಯೊಳಗಿನ ಕೊಳೆಯೆಲ್ಲ ಹೊರಗೆ. ಕಾಮಾಲೆಗೂ ಅದೇ. ಈ ಬೆಟ್ಟದ ಕಡೆ ಒಂದೊಂದು ಕಾಯಿಲೆಗೆ ಒಂದೊಂದು ಮನೆ. ‘ಒಲೆ’ ಅಂತಾರೆ ಅಂಥ ಮನೆಗೆ. ನರಹುಲಿಯ ಒಲೆ ಮೇಲಿನ ಕೇರಿಯವರದು. ಕಾಮಾಲೆಯ ಒಲೆ ನಮ್ಮದು. ಅಂದರೆ ಈಗ ನಾನೇ, ವೇಸೆಲ್. ಪೇಟೆ ಡಾಕ್ಟರಿಗೇ ಕಾಮಾಲೆ ಬಂದರೂ ನನ್ನ ಬಾಗಿಲಿಗೇ ಬರಬೇಕು. ಇನ್ನೂ ಬಂದಿಲ್ಲ. ಬರ್ತಾರೆ.

ಜುಲೈ 9

ಫಿದಾನ್ ಅಕ್ಕನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಕೂತು ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತಿದ್ದಳು. ತಲೆ ಎತ್ತಿದಳು... ಕಣ್ಣು ಹಳದಿ.

“ಏನೋ ಹಂಗೆ ನೋಡ್ತೀಯ, ಹೆಣ್ಣು ನೋಡೋಕೆ ಬಂದೋನ ಥರ?”

“ಅಕ್ಕ, ನಿನ್ನ ಕಣ್ಣು...”

“ವಯಸ್ಸಾದ್ಮೇಲೆ ಬೆಳ್ಳಗಿರೋದೆಲ್ಲ ಹಳದಿ ಆಗುತ್ತೆ ಕಣೋ. ನಿನ್ನ ಹಲ್ಲು ನೋಡ್ಕೊ ಹೋಗು.”

ನೋವಿಲ್ಲವಂತೆ. ಮೈ ಕಡಿತವಂತೆ, ಅಷ್ಟೇ. ಅವಳ ಮಗಳು ಐಸುನ್‌ಗೆ ಫೋನು ಮಾಡಿದೆ. ಮಿಲಾಸ್ ಪೇಟೆಯಲ್ಲಿ ಹೆಂಗಸರ ಕೂದಲು ಕತ್ತರಿಸಿ ಬಣ್ಣ ಹಾಕುವ ಅಂಗಡಿ ಇಟ್ಟಿದ್ದಾಳೆ. ಮಧ್ಯಾಹ್ನದ ಮಿನಿಬಸ್ಸಿಗೇ ಬಂದಳು. ಅಮ್ಮನ ಕಣ್ಣು ನೋಡಿದವಳೇ, “ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ” ಅಂದಳು.

ನಾನು ಬಿಡುತ್ತೇನೆಯೇ. “ಕಾಮಾಲೆ ಒಲೆಯ ಮಗಳು ಕಾಮಾಲೆಗೆ ಆಸ್ಪತ್ರೆಗೆ ಹೋದ್ರೆ ನಾನು ನಿಮ್ಮಮ್ಮನ ತಲೆವಸ್ತ್ರ ಮುಚ್ಕೊಂಡು ಓಡಾಡ್ಬೇಕಾಗುತ್ತೆ. ಮೊದ್ಲು ಹಳದಿ ಇಳೀಲಿ. ಇಳೀದಿದ್ರೆ ಈ ಮೀಸೆ ನಿನ್ನ ಅಂಗಡೀಲೇ ಬೋಳ್ಸು.”

“ಬೋಳಿಸಿದ್ರೆ ನಿಮ್ಮನ್ನ ಗುರುತು ಹಿಡಿಯೋರು ಯಾರು ಮಾವ?” ಅಂತ ನಕ್ಕಳು. ನಕ್ಕರೆ ಒಪ್ಪಿದ ಹಾಗೆ.

ಜುಲೈ 10

ಬಿಸ್ಮಿಲ್ಲಾ ಅಂತ ಹನಿ ಬಿಟ್ಟೆ. ಅಕ್ಕ ಕೆಮ್ಮಿದಳು, ಸೀನಿದಳು, ನನ್ನ ಏಳು ತಲೆಮಾರನ್ನು ಬೈದಳು — ಅವಳದ್ದೂ ಅದೇ ತಲೆಮಾರು ಅನ್ನೋದು ಮರೆತು. ಸ್ವಲ್ಪ ಹೊತ್ತಿಗೇ ಶುರುವಾಯಿತು. ಹಳದಿ ನೀರು. ಅಪ್ಪಟ ಹಳದಿ! ಮಧ್ಯಾಹ್ನದ ಬಾಂಗಿನವರೆಗೂ ತೊಟ್ಟಿಕ್ಕುತ್ತಲೇ ಇತ್ತು. ಐಸುನ್ನೇ ಬಟ್ಟಲು ಹಿಡಿದಿದ್ದಳು. ಗೋಡೆಯಾಚೆ ಹೆಂಗಸರು “ಮಾಶಲ್ಲಾ, ಮಾಶಲ್ಲಾ.”

“ನೋಡಿದ್ಯಾ? ಎಲ್ಲಿತ್ತು ಇದೆಲ್ಲ? ರಕ್ತದಲ್ಲಿತ್ತು!”

“ನೋಡ್ದೆ ಮಾವ. ಒಪ್ಪಿದೆ.”

ಸಂಜೆ ಬಸ್ಸಿಗೆ ಹೋದಳು. ನಾನು ಚಹಾ ಅಂಗಡಿಗೆ ಹೋಗಿ ನಡೆದದ್ದು ಹೇಳಿದೆ. ಸ್ವಲ್ಪ ಜಾಸ್ತಿಯೇ ಹೇಳಿದೆ.

ಜುಲೈ 24

ಇನ್ನೊಂದು ಹನಿ ಹಾಕಿದೆ. ನೀರು ಚೆನ್ನಾಗಿ ಇಳಿಯಿತು. ಕಣ್ಣು ಹಾಗೇ ಇದೆ. ಹಟಮಾರಿ ಹಳದಿ. ಆಲಿವ್ ಕೂಡ ಮುಟ್ಟುತ್ತಿಲ್ಲ, ಎಣ್ಣೆ ವಾಸನೆಗೇ ಓಕರಿಕೆಯಂತೆ. ಮೂತ್ರ ಕಡು ಚಹಾ ಬಣ್ಣ. ಸೊಂಟದ ಬಟ್ಟೆಗೆ ಪಿನ್ನು ಹಾಕಿಕೊಂಡಿದ್ದಾಳೆ, ನಿಲ್ಲುತ್ತಿಲ್ಲ.

ಐಸುನ್ ಫೋನು. “ಹೇಗಿದಾಳೆ ಮಾವ? ಬರ್ಲಾ?”

“ಇಳೀತಾ ಇದೆ ಕಣಮ್ಮ. ಮದುವೆ ಸೀಸನ್ನು, ನೀನು ಅಂಗಡಿ ನೋಡ್ಕೊ.”

ಇಳೀತಾ ಇದೆ ಅಂತಲೇ ಅಂದುಕೊಂಡಿದ್ದೇನೆ.

ಆಗಸ್ಟ್ 6

ಈ ಸಲ ರಸಕ್ಕೆ ನೀರು ಕಡಿಮೆ ಮಾಡಿದೆ. ಅಕ್ಕನ ಮುಖ ಊದಿಕೊಂಡಿತು. ನಾಲಿಗೆ ದಪ್ಪ. ಉಸಿರಿಗೆ ಶಿಳ್ಳೆ. ಕಿರುಚಿದೆ. ದನದ ಡಾಕ್ಟರು ಓಡಿ ಬಂದು ತಮ್ಮ ಜೀಪಲ್ಲೇ ಹಾಕಿಕೊಂಡು ಹೋದರು.

ಆಗಸ್ಟ್ 11, ಇಜ್ಮಿರ್, ದೊಡ್ಡಾಸ್ಪತ್ರೆಯ ವರಾಂಡದಲ್ಲಿ

ಊತ ಇಳಿದಿದೆ. ಪೇಟೆಯಿಂದ ಇಲ್ಲಿಗೆ ಕಳಿಸಿದರು. ಹೆಣ್ಣು ಡಾಕ್ಟರು, ಐಸುನ್ ವಯಸ್ಸಿನವಳು.

“ಕಣ್ಣು ಹಳದಿ ಆಗಿದ್ದು ಯಾವಾಗ?”

“ಜುಲೈ ಶುರೂಲಿ” ಅಂದಳು ಐಸುನ್. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಪಿತ್ತ ಇಳಿಯುವ ನಾಳದ ಬಾಯಲ್ಲಿ ಗಡ್ಡೆಯಂತೆ. ಯಕೃತ್ತಿಗೂ ಹರಡಿದೆಯಂತೆ. ಕುಯ್ಯುವ ಹಾಗಿಲ್ಲ. ಒಂದು ಸಣ್ಣ ಕೊಳವೆ ಇಟ್ಟು ಮನೆಗೆ ಕಳಿಸುತ್ತಾರೆ. ಮೊದಲೇ ಬಂದಿದ್ದರೆ? ಐಸುನ್ ಕೇಳಿದಳು. “ಆಗಲೂ ಹೇಳೋದು ಕಷ್ಟ ಇತ್ತು” ಅಂದರು ಡಾಕ್ಟರು. ಒಳ್ಳೆಯವಳು. ನಮ್ಮ ಮುಖ ನೋಡಿ ಹೇಳಿದ್ದು ಅಂತ ಗೊತ್ತಾಗದಷ್ಟು ದಡ್ಡನಲ್ಲ ನಾನು.

ಆದರೂ ಬಿಡಲಿಲ್ಲ. “ಬಟ್ಟಲುಗಟ್ಟಲೆ ಹಳದಿ ತೆಗೆದಿದೀನಿ ಡಾಕ್ಟ್ರಮ್ಮ. ಅದೇನು ಹಾಗಾದ್ರೆ?”

“ಯಜಮಾನ್ರೇ, ಈರುಳ್ಳಿ ಹೆಚ್ಚಿದ್ರೆ ಕಣ್ಣೀರು ಬರುತ್ತೆ. ದುಃಖ ಹೊರಗೆ ಹೋಯ್ತು ಅಂತೀರಾ? ಅದು ಮೂಗು ಸುಟ್ಟಿದ್ದಕ್ಕೆ ಬಂದ ನೀರು. ಯಾರಿಗೆ ಹಾಕಿದ್ರೂ ಬರುತ್ತೆ.”

ಯಾರಿಗೆ ಹಾಕಿದರೂ! ನನ್ನ ತಾಯಿ, ಅವಳ ತಾಯಿ ಎಲ್ಲ ಈರುಳ್ಳಿ ಹೆಚ್ಚುತ್ತಿದ್ದರೇ?

ಆಗಸ್ಟ್ 13, ಮಧ್ಯಾಹ್ನ

ಅಕ್ಕನನ್ನು ಮನೆಗೆ ತಂದೆವು. ಮಲಗಿದ್ದಾಳೆ. ಐಸುನ್‌ನನ್ನು ನನ್ನ ಅಂಗಳಕ್ಕೆ ಕರೆದೆ.

“ಆ ಡಾಕ್ಟ್ರು ಏನಂದ್ಲು? ಯಾರಿಗೆ ಹಾಕಿದ್ರೂ ಬರುತ್ತೆ ಅಂತ ತಾನೆ? ನನ್ನ ಕಣ್ಣು ನೋಡು. ಮೊಟ್ಟೆ ಬಿಳಿ. ನಂಗೆ ಕಾಮಾಲೆ ಇಲ್ಲ. ಹಾಕ್ಕೋತೀನಿ. ಬರೀ ಸೀನು ಬರುತ್ತೆ. ಒಂದು ತೊಟ್ಟು ಹಳದಿ ಬಂದ್ರೆ ಕೇಳು.”

“ಬೇಡ ಮಾವ. ಅಮ್ಮನ್ನ ನೋಡಿದ್ರಲ್ಲ. ಯಾಕೀಗ ಇದೆಲ್ಲ?”

“ನೀನು ಸುಮ್ನೆ ನೋಡು.”

ನೀರು ಬೆರೆಸಿ ಹಾಕಿಕೊಂಡೆ. ಕಾದ ಸೂಜಿ ಇಳಿದ ಹಾಗೆ. ಸೀನು. ಕಣ್ಣೀರು. ಆಮೇಲೆ ತುಟಿಗೆ ಬಿಸಿಬಿಸಿ ಏನೋ... ಒರೆಸಿಕೊಂಡೆ. ಅಂಗಿಯ ಬಿಳಿ ತೋಳು.

ಹಳದಿ.

ಅಪ್ಪಟ, ಅಕ್ಕನದೇ ಹಳದಿ.

ನಿಲ್ಲಲೇ ಇಲ್ಲ. ಬಾಗಿ ಕೂತೆ. ಕಲ್ಲಿನ ಮೇಲೆ ತೊಟ್ಟಿಕ್ಕುತ್ತಲೇ ಇತ್ತು. ಐಸುನ್ ಏನಾದರೂ ಅನ್ನಲಿ ಅಂತ ಕಾದೆ. ಮೀಸೆ ಬೋಳಿಸುತ್ತೇನೆ ಅಂತಾದರೂ. ಒಳಗೆ ಹೋಗಿ ಟವೆಲ್ ತಂದು ಕೊಟ್ಟಳು. ಅಮ್ಮನ ಹತ್ತಿರ ಹೋದಳು.

ಆಗಸ್ಟ್ 17

ಸೈನಸ್‌ನವನು ಬಂದಿದ್ದ. ಒಲೆ ಆರಿದೆ, ಹೋಗು ಅಂದೆ. ನನ್ನ ತಮಾಷೆ ಅಂದುಕೊಂಡ. ಬಿದ್ದು ಬಿದ್ದು ನಕ್ಕ. ರಸ ಎಲ್ಲಾ ತಿಪ್ಪೆಗೆ ಚೆಲ್ಲಿದೆ. ಅಲ್ಲಿ ಹೊಸ ಕಾಯಿ ಎಷ್ಟು ಬಿಟ್ಟಿವೆ!

ಆಗಸ್ಟ್ 29

ಅಕ್ಕನ ಮೈ ಈಗ ಬರೀ ಮೂಳೆ. ಸಾರು ಕೂಡ ಇಳಿಯುತ್ತಿಲ್ಲ. ನಾಲಿಗೆ ಮಾತ್ರ ಹಾಗೇ ಇದೆ.

“ಬಾರೋ ಇಲ್ಲಿ. ಮುಖ ಯಾಕೆ ಒಣಗಿದ ಅಂಜೂರ ಆಗಿದೆ? ನಿನ್ನದೇನೂ ತಪ್ಪಿಲ್ಲ. ಎಷ್ಟು ಹಳದಿ ತೆಗೆದೆ ನೀನು! ಈ ಆಸ್ಪತ್ರೆಯೋರ ಕೊಳವೆಗೆ ಬರ್ತಾ ಇದ್ಯಾ ಅಷ್ಟು?”

ಐಸುನ್ ಕಾಲು ಒತ್ತುತ್ತಿದ್ದಳು. ತಲೆ ಎತ್ತಲಿಲ್ಲ.

“ನಿಂಗೆ ಮಕ್ಕಳಿಲ್ಲ. ನಾನಿರೋವಾಗ್ಲೇ ಇವಳಿಗೆ ಕೈ ಕೊಡು. ಕಣ್ಣಾರೆ ನೋಡಿ ಹೋಗ್ತೀನಿ.”

ಕೈ ಕೊಡುವುದು. ಒಲೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಹಾಗೆಯೇ. ಅಂಗೈ ಮೇಲೆ ಅಂಗೈ ಇಟ್ಟು, “ಈ ಕೈ ನನ್ನದಲ್ಲ, ಫಾತಿಮಾ ತಾಯಿಯ ಕೈ. ಕೊಟ್ಟೆ” ಅಂತ ಪೈಗಂಬರರ ಮಗಳ ಹೆಸರಲ್ಲಿ ನಾನು ಅನ್ನಬೇಕು. “ತಗೊಂಡೆ” ಅಂತ ಅವಳು ಅನ್ನಬೇಕು. ಕೈ ತಗೊಂಡವರು ಯಾರೇ ಬಾಗಿಲಿಗೆ ಬಂದರೂ ಇಲ್ಲ ಅನ್ನುವ ಹಾಗಿಲ್ಲ.

ಅಕ್ಕನೇ ಐಸುನ್ ಕೈ ಎಳೆದು ನನ್ನ ಕೈ ಮೇಲೆ ಇಟ್ಟಳು. ಶಾಂಪೂ, ಬಣ್ಣ ತಿಂದ ಕೈ. ಒರಟು. ತಣ್ಣಗಿತ್ತು.

ಉಗುರಿನ ಸಂದಿಯ ಬಣ್ಣ ನೋಡುತ್ತ ಕೂತೆ.

“ತಗೊಂಡೆ” ಅಂದುಬಿಟ್ಟಳು ಐಸುನ್. ಅಮ್ಮನ ಮುಖವನ್ನೇ ನೋಡುತ್ತ.

“ಅವನಿನ್ನೂ ಕೊಟ್ಟೇ ಇಲ್ಲವಲ್ಲೇ, ನಿಂದೇನೇ ಆತುರ?” ಅಕ್ಕ ನಕ್ಕಳು. ನಕ್ಕರೆ ಪಕ್ಕೆಲುಬು ಕಾಣುತ್ತೆ. “ಹೂಂ, ಹೇಳೋ. ನಿದ್ದೆ ಬರ್ತಿದೆ ನಂಗೆ.”

ಇಬ್ಬರೂ ನನ್ನನ್ನೇ ನೋಡಿದರು. ಒಬ್ಬಳದು ಹಳದಿ ಕಣ್ಣು. ಇನ್ನೊಬ್ಬಳ ಕಣ್ಣು — ಬೇಡ, ಬರೆಯಲಾರೆ.

“ಈ ಕೈ ನನ್ನದಲ್ಲ” ಅಂದೆ. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ; ‘ಕೊಟ್ಟೆ’ ಅನ್ನದೆಯೇ ಐಸುನ್ ಕೈ ಬಿಟ್ಟೆ.