ಜೇಬು ಬಾಕಿ ಇರುವ ಅಂಗಿ

ಹೋಟೆಲಿನ ಕೋಣೆ, ಕಿಟಕಿ ಪಕ್ಕದ ಮೇಜು
ಗುರುವಾರ, ಸಂಜೆ

ಪ್ರೀತಿಯ ನಮ್ಮನೆಯವರಿಗೆ,

ನಿಮ್ಮವಳ ನಮಸ್ಕಾರ. ಮಗಳು, ಅಳಿಯ, ಮೊಮ್ಮಗಳು, ನಾನು, ನಾಲ್ವರೂ ಇಲ್ಲಿ ಆರಾಮಾಗಿದ್ದೇವೆ. ನೀವು ಹೇಗಿದ್ದೀರಿ? ಸೊಂಟದ ನೋವು ಇಳಿದಿದೆಯಾ? ನಿಮ್ಮನ್ನು ನೋಡಿಕೊಳ್ಳಲು ಬಂದಿರುವ ಅತ್ತಿಗೆಯ ಮಾತು ಕೇಳುತ್ತಿದ್ದೀರಾ, ಇಲ್ಲ ಅವರನ್ನೇ ಕುಣಿಸುತ್ತಿದ್ದೀರಾ? ಫೋನಿನಲ್ಲಿ ಕೇಳಿದರೆ ‘ಚೆನ್ನಾಗಿದೀನಿ, ದುಡ್ಡು ಓಡ್ತಿರುತ್ತೆ, ಇಡು’ ಅನ್ನುತ್ತೀರಿ. ಪತ್ರಕ್ಕೆ ಹಾಗೆ ಹೇಳಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಪ್ರವಾಸದ ಗುಂಪಿನಲ್ಲಿ ಹಿಂದಿನ ಬೀದಿಯ ಬ್ಯಾಂಕಿನವರು ಇದ್ದಾರೆ. ಸೊಸೆಗೆ ಹೆರಿಗೆ ಬೇಗ ಆಯಿತೆಂದು ಅವರು ನಾಳೆಯೇ ಹೊರಡುತ್ತಿದ್ದಾರೆ. ಪಾಪ, ಮೂರು ಮಹಡಿ ಹತ್ತಿ ಬಂದು ಇದನ್ನು ನಿಮ್ಮ ಕೈಗೇ ಕೊಡುತ್ತೇನೆ ಅಂದಿದ್ದಾರೆ. ದಮ್ಮಯ್ಯ, ಅವರ ಕೈಗೆ ಮಾತ್ರ ದುಡ್ಡು ತುರುಕಬೇಡಿ. ಮ್ಯಾನೇಜರಾಗಿ ನಿವೃತ್ತರಾದವರು. ಒಂದು ಲೋಟ ಟೀ ಕೊಡಿಸಿ, ಅಷ್ಟು ಸಾಕು.

ನನ್ನ ಹೊಲಿಗೆ ಯಂತ್ರದ ಮೇಲೆ ಬಣ್ಣದ ಡಬ್ಬಿ ಇಡಬೇಡಿ. ಅದರ ಪಕ್ಕದ ಮೊಳೆಗೆ ನಿಮ್ಮ ಹೊಸ ನೀಲಿ ಅಂಗಿ ನೇತುಹಾಕಿ ಬಂದಿದ್ದೇನೆ. ಕಾಲರು, ಕಾಜ, ಗುಂಡಿ ಎಲ್ಲ ಆಗಿದೆ. ಹೊರಡುವ ಗಡಿಬಿಡಿಯಲ್ಲಿ ಜೇಬು ಕೂರಿಸುವುದೊಂದು ಬಾಕಿ ಉಳಿಯಿತು.

ಇನ್ನು ಇಲ್ಲಿಯ ಸಮಾಚಾರ. ಈ ಪರದೇಶದ ಪಾರ್ಕು ಅಂದರೆ ನಾನು ನಾಲ್ಕು ಜೋಕಾಲಿ, ಒಂದು ಜಾರುಬಂಡೆ ಅಂದುಕೊಂಡಿದ್ದೆ. ಇದು ಒಂದು ಊರೇ ಸರಿ. ಗುಡ್ಡ, ಹೊಳೆ, ಅರಮನೆ, ರೈಲು, ಎಲ್ಲವೂ ಕೈಯಲ್ಲಿ ಮಾಡಿದ್ದು. ನಿಮ್ಮ ಕಣ್ಣಿಗೆ ಬಿದ್ದಿದ್ದರೆ ನೀವು ಜಾಗ ಬಿಟ್ಟು ಕದಲುತ್ತಿರಲಿಲ್ಲ. ಹೊಚ್ಚ ಹೊಸ ಗೋಡೆಯ ಮೇಲೆ ಬಿರುಕು, ಪಾಚಿ, ತುಕ್ಕು ಎಲ್ಲವನ್ನೂ ಬಣ್ಣದಲ್ಲೇ ಬರೆದಿದ್ದಾರೆ. ನೀವು ಜೀವಮಾನವೆಲ್ಲ ಅಂಗಡಿಗಳ ಹಳೆ ಬೋರ್ಡುಗಳನ್ನು ಹೊಸದು ಮಾಡಿದಿರಿ, ಇಲ್ಲಿಯ ಪೇಂಟರುಗಳಿಗೆ ಹೊಸದನ್ನು ಹಳೆಯದು ಮಾಡಲು ಸಂಬಳ. ಒಂದು ಬೋರ್ಡಿನಲ್ಲಿ ಅಕ್ಷರಗಳ ನಡುವಿನ ಅಂತರ ತಪ್ಪಿತ್ತು. ನಿಮ್ಮ ಬದಲಿಗೆ ನಾನೇ ಅದರ ಮುಂದೆ ನಿಂತು ಮೂಗು ಮುರಿದು ಬಂದೆ.

ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಆದರೂ ಒಬ್ಬರ ಮೈ ಒಬ್ಬರಿಗೆ ತಗಲುವುದಿಲ್ಲ. ಸಾಲಿನಲ್ಲಿ ಮುಂದಿನವರಿಗೂ ತಮಗೂ ನಡುವೆ ಒಂದಾಳಿನ ಜಾಗ ಬಿಟ್ಟು ನಿಲ್ಲುತ್ತಾರೆ. ನಾನು ಅದು ಖಾಲಿ ಇದೆ ಅಂದುಕೊಂಡು ಹೋಗಿ ನಿಂತುಬಿಟ್ಟೆ. ಯಾರೂ ಬಯ್ಯಲಿಲ್ಲ, ಕಣ್ಣಗಲಿಸಿ ನೋಡಿದರು, ಅಷ್ಟೆ. ಮೊಮ್ಮಗಳು ಬಂದು ನನ್ನ ಕೈ ಹಿಡಿದು ಹಿಂದಕ್ಕೆ ಕರೆದೊಯ್ದು, ‘ಅಜ್ಜಿ, ಅದು ಖಾಲಿ ಜಾಗ ಅಲ್ಲ, ಅವರ ಜಾಗ’ ಎಂದು ಬುದ್ಧಿ ಹೇಳಿದಳು. ಥೇಟ್ ನಿಮ್ಮದೇ ಗತ್ತು ಅವಳದು.

ನಿಜವಾಗಿ ಮಾನ ಹೋದದ್ದು ಮೆರವಣಿಗೆಯ ದಿನ. ಬೊಂಬೆ ವೇಷದವರು ಹಾಡುತ್ತ ಕುಣಿಯುತ್ತ ಬರುವ ರಸ್ತೆಯ ಅಂಚಿನಲ್ಲಿ ನಮಗೆ ಒಳ್ಳೆಯ ಜಾಗ ಸಿಕ್ಕಿತು. ಬಸ್ಸಿನ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದು ಪಳಗಿದ ಕೈ ಸುಮ್ಮನಿರುತ್ತದೆಯೇ? ನನ್ನ ಶಾಲನ್ನು ಉದ್ದಕ್ಕೂ ಹಾಸಿ, ಒಂದು ತುದಿಗೆ ನೀರಿನ ಬಾಟಲಿ, ಇನ್ನೊಂದು ತುದಿಗೆ ಅಳಿಯನ ಟೋಪಿ ಇಟ್ಟು, ಎಲ್ಲರನ್ನೂ ಟೀ ಕುಡಿಯಲು ಹೊರಡಿಸಿಕೊಂಡು ಹೋದೆ. ತಿರುಗಿ ಬಂದರೆ ಶಾಲೂ ಇಲ್ಲ, ಟೋಪಿಯೂ ಇಲ್ಲ, ಬೇರೊಂದು ಸಂಸಾರ ಅಲ್ಲಿ ಹಾಯಾಗಿ ಕೂತಿದೆ. ಆಳಿಲ್ಲದೆ ಜಾಗ ಹಿಡಿಯುವುದು ಇಲ್ಲಿ ನಡೆಯುವುದಿಲ್ಲವಂತೆ. ಯಾರೋ ಬಿಟ್ಟುಹೋದ ಸಾಮಾನೆಂದು ಎತ್ತಿಕೊಂಡು ಹೋಗಿದ್ದರು. ಮದುವೆಯಾದ ಹೊಸದರಲ್ಲಿ ನೀವು ಕೊಡಿಸಿದ ಶಾಲು ಅದು. ನನಗೆ ಅಳುವೇ ಬಂತು.

ಅಲ್ಲೇ ಕಸ ಗುಡಿಸುತ್ತಿದ್ದ ಹೆಂಗಸು ನನ್ನ ಮುಖ ನೋಡಿ, ಪೊರಕೆ ಬಿಟ್ಟು ಹೋಗಿ, ಶಾಲನ್ನು ಚೆಂದವಾಗಿ ಮಡಿಸಿ ತಂದುಕೊಟ್ಟಳು. ಟೋಪಿ, ಬಾಟಲಿ ಅದರ ಮೇಲೆ. ನಿಮ್ಮ ಸಹವಾಸದೋಷ ನೋಡಿ, ತಕ್ಷಣ ಒಂದು ನೋಟು ತೆಗೆದು ಅವಳ ಮುಂದೆ ಹಿಡಿದೆ. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಬಾಯುಪಚಾರಕ್ಕೆ ಬೇಡ ಅನ್ನುತ್ತಿದ್ದಾಳೆ ಎಂದುಕೊಂಡು ಜೇಬಿಗೇ ತುರುಕಲು ಹೋದೆ. ಅವಳ ಅಂಗಿಗೆ ಜೇಬೇ ಇಲ್ಲ ಕಣ್ರೀ. ಜೇಬಿರುವ ಹಾಗೆ ಹೊಲಿಗೆಯ ಗೆರೆ ಇದೆ, ಬಾಯಿ ಇಲ್ಲ. ಇಷ್ಟು ವರ್ಷ ಅಂಗಿ ಹೊಲಿದವಳು, ಅದೂ ಕಾಣಲಿಲ್ಲ ನನಗೆ. ಅವಳು ನಗುತ್ತ ಹಿಂದೆ ಹಿಂದೆ ಸರಿಯುತ್ತಾಳೆ, ನಾನು ನೋಟು ಹಿಡಿದು ಬೆನ್ನು ಬಿಡುತ್ತಿಲ್ಲ. ಕೊನೆಗೆ ಮಗಳು ಓಡಿ ಬಂದು, ‘ಅಮ್ಮಾ, ಬಿಡು. ತಗೊಂಡ್ರೆ ಅವರ ಕೆಲಸಕ್ಕೇ ಕುತ್ತು. ಬಾಯ್ತುಂಬ ಥ್ಯಾಂಕ್ಸ್ ಹೇಳು, ಸಾಕು’ ಅಂದಳು. ಹೇಳಿದೆ. ಅವಳು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ ತನ್ನ ಪೊರಕೆಯ ಕಡೆಗೆ ಹೋದಳು.

ಹಾಗೆಂದು ಎಲ್ಲ ಕಡೆಯೂ ಇದೇ ರೂಢಿ ಎಂದುಕೊಳ್ಳಬೇಡಿ. ಹೋಟೆಲಿನಲ್ಲಿ ಪೆಟ್ಟಿಗೆ ಹೊತ್ತು ತಂದವನು, ಕೊಡುವತನಕ ಬಾಗಿಲಲ್ಲೇ ನಿಂತು ಹವಾಮಾನದ ಸುದ್ದಿ ಹೇಳುತ್ತಿದ್ದ. ಕೋಣೆ ಗುಡಿಸುವವರಿಗೆಂದು ಅಳಿಯ ಮೇಜಿನ ಮೇಲೆ ಇಟ್ಟ ದುಡ್ಡು ಮಾತ್ರ ಇಟ್ಟ ಹಾಗೇ ಇತ್ತು. ಆಮೇಲೆ ವಿಚಾರಿಸಿದರೆ, ಮೇಜಿನ ಮೇಲಿದ್ದರೆ ಅದು ನಮ್ಮದೇ, ಮರೆತದ್ದು ಎಂದು ಅವರು ಮುಟ್ಟುವುದಿಲ್ಲವಂತೆ. ದಿಂಬಿನ ಮೇಲೆ, ಧನ್ಯವಾದ ಅಂತ ಒಂದು ಚೀಟಿಯ ಜೊತೆ ಇಡಬೇಕಂತೆ. ಮೊಮ್ಮಗಳು ಚೀಟಿಯಲ್ಲಿ ಒಂದು ಹೂವು ಬರೆದಳು. ಸಂಜೆ ಬಂದು ನೋಡಿದರೆ ದುಡ್ಡಿನ ಜೊತೆ ಚೀಟಿಯೂ ಹೋಗಿತ್ತು, ಅವಳ ಹಾಸಿಗೆಯ ಮೇಲೆ ಟವೆಲಿನಲ್ಲಿ ಮಾಡಿದ ಒಂದು ಮೊಲ ಕೂತಿತ್ತು.

ನಿಮಗೆ ಹೇಳಲೇಬೇಕಾದದ್ದು ನಿನ್ನೆ ನಡೆಯಿತು. ದೋಣಿಯ ಸಾಲಿನಲ್ಲಿ ನಿಂತಿದ್ದೆವು. ಪಕ್ಕದ ಬಾಗಿಲಿನಿಂದ ಗಾಲಿಕುರ್ಚಿಯಲ್ಲಿ ಒಬ್ಬರು ಬಂದರು, ನಿಮ್ಮದೇ ವಯಸ್ಸು, ಜೊತೆಗೆ ಹೆಂಡತಿ. ದೋಣಿಗಳನ್ನೆಲ್ಲ ನಿಲ್ಲಿಸಿದರು. ಇಬ್ಬರು ಕೆಲಸಗಾರರು ಅವರ ಎರಡೂ ಪಕ್ಕ ನಿಂತು, ಅವರು ತಲೆಯಾಡಿಸಿದ ಮೇಲೆ ಎತ್ತಿ ದೋಣಿಯಲ್ಲಿ ಕೂರಿಸಿದರು. ಅಷ್ಟು ದೊಡ್ಡ ಸಾಲಿನಲ್ಲಿ ಯಾರೂ ಗೊಣಗಲಿಲ್ಲ, ಅಯ್ಯೋ ಪಾಪ ಎಂದು ಲೊಚಗುಟ್ಟಲಿಲ್ಲ. ನಾನು ಮಾತ್ರ ಆ ಮನುಷ್ಯನ ಕೈಯನ್ನೇ ನೋಡುತ್ತಿದ್ದೆ, ಈಗ ಜೇಬಿಗೆ ಹೋಗುತ್ತದೆ, ಈಗ ಹೋಗುತ್ತದೆ ಎಂದು. ಹೋಗಲೇ ಇಲ್ಲ. ಒಂದು ಮಾತು ಹೇಳಿ, ನಕ್ಕು, ಹೆಂಡತಿಯ ಕೈ ಹಿಡಿದುಕೊಂಡು ನೀರು ನೋಡುತ್ತ ಕೂತರು. ದೋಣಿ ಹೊರಟಿತು. ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ಆ ಜಾಗದಲ್ಲಿ ನಾವಿಬ್ಬರು ಇರಬೇಕಿತ್ತು.

ಏಣಿಯಿಂದ ಬಿದ್ದು ನಿಮಗೆ ಗಾಲಿಕುರ್ಚಿ ಬಂದ ಮೇಲೆ ಒಂದು ದಿನವೂ ನೀವು ನನ್ನ ಮೇಲೆ ರೇಗಿದವರಲ್ಲ. ಆದರೆ ಯಾರು ಕೈ ಹಿಡಿದರೂ, ಯಾರು ಕುರ್ಚಿ ತಳ್ಳಿದರೂ ನೋಟು ಕೊಡದೆ ನಿಮಗೆ ಸಮಾಧಾನವಿಲ್ಲ. ಹಂಗು ಬೇಡ ಅನ್ನುತ್ತೀರಿ. ಈ ಪ್ರವಾಸಕ್ಕೆ ಕರೆದಾಗಲೂ ‘ಎಷ್ಟು ಜನರ ಕೈಗೆ ಅಂತ ತುರುಕಲಿ?’ ಎಂದು ಗೋಡೆಯ ಕಡೆ ತಿರುಗಿ ಮಲಗಿದಿರಿ. ಆಸ್ಪತ್ರೆಗೆ ಹೋಗುವುದು ಬಿಟ್ಟರೆ ನೀವು ಮನೆಯ ಮೆಟ್ಟಿಲು ಇಳಿದೇ ಇಲ್ಲ. ನನ್ನ ತಮ್ಮ ನಿಮ್ಮನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಇಳಿಸಿದ ದಿನ ಅವನ ಕೈಗೂ ನೋಟು ಇಟ್ಟುಬಿಟ್ಟಿರಿ, ಟೀ ಕುಡಿ ಎಂದು. ಅವನು ಅದನ್ನು ಮೆಟ್ಟಿಲ ಮೇಲೇ ಬಿಟ್ಟುಹೋದ. ‘ಭಾವನಿಗೆ ನಾನೂ ಕೂಲಿಯವನೇ ಆಗ್ಬಿಟ್ನಾ ಅಕ್ಕಾ?’ ಎಂದು ತನ್ನ ಮರಗೆಲಸದ ಅಂಗಡಿಯಲ್ಲಿ ಕೂತು ಅತ್ತ. ಅಂದಿನಿಂದ ಕೆಳಗೆ ಬೀದಿಯಲ್ಲಿ ನಿಂತೇ ನಿಮ್ಮ ಆರೋಗ್ಯ ವಿಚಾರಿಸಿಕೊಂಡು ಹೋಗುತ್ತಾನೆ. ಮೇಲೆ ಬರುವುದಿಲ್ಲ. ಅವನ ಕೆಮ್ಮು ಕೇಳಿದರೆ ನೀವು ಕಿಟಕಿಯ ಕಡೆ ನೋಡುತ್ತೀರಿ, ನನಗೆ ಗೊತ್ತಾಗುವುದಿಲ್ಲವೇ?

ಅಳಿಯ ಊಟಕ್ಕೆ ಕರೆಯುತ್ತಿದ್ದಾನೆ. ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ. ಮೊಮ್ಮಗಳು ತಾತನಿಗೆ ಒಂದು ಮುತ್ತು ಕೊಟ್ಟಿದ್ದಾಳೆ, ಕಾಗದದ ಮೂಲೆಯಲ್ಲಿ ಅಂಟಿರುವ ಸಕ್ಕರೆ ಅದೇ. ಮಾತ್ರೆ ಮರೆಯಬೇಡಿ.

ಸದಾ ನಿಮ್ಮವಳೇ ಆದ,
ನಿಮ್ಮ ಟೈಲರಮ್ಮ

ತಾ.ಕ.: ಮುಖ್ಯವಾದದ್ದೇ ಉಳಿಯಿತು. ಭಾನುವಾರ ಬೆಳಿಗ್ಗೆ ನಮ್ಮ ವಿಮಾನ ಇಳಿಯುತ್ತದೆ. ಕರೆದುಕೊಂಡು ಹೋಗಲು ತಾತ ಬರುತ್ತಾರೆ ಎಂದು ಮೊಮ್ಮಗಳಿಗೆ ಹೇಳಿಬಿಟ್ಟಿದ್ದೇನೆ, ನನ್ನ ಮಾತು ಉಳಿಸಿ. ದೋಣಿ ನೋಡಿ ಬಂದವಳೇ ತಮ್ಮನಿಗೆ ಫೋನ್ ಮಾಡಿದೆ. ಮೊದಲು ನಿಮ್ಮ ಸೊಂಟದ ನೋವು ವಿಚಾರಿಸಿದ. ಆಮೇಲೆ, ‘ಬಂದು ಇಳಿಸ್ತೀನಿ ಅಕ್ಕಾ, ಭಾವ ಜೇಬಿಗೆ ಕೈ ಹಾಕಬಾರ್ದು ಅಷ್ಟೆ’ ಅಂದ. ನೀಲಿ ಅಂಗಿ ಹಾಕಿಕೊಳ್ಳಿ. ಅದಕ್ಕೆ ನಾನು ಇನ್ನು ಜೇಬು ಕೂರಿಸುವುದಿಲ್ಲ. ಕೂತಲ್ಲಿಂದ ಪ್ಯಾಂಟಿನ ಜೇಬಿಗೆ ನಿಮ್ಮ ಕೈ ಎಟುಕುವುದಿಲ್ಲ, ಅದೂ ನನಗೆ ಗೊತ್ತು. ಕೆಳಗಿಳಿದ ಮೇಲೆ ಆ ಖಾಲಿ ಕೈಯನ್ನು ಅವನ ಹೆಗಲ ಮೇಲೆ ಇಡಿ.