ತಿಪ್ಪೆ ಜಗಳ ಮುಗಿಯಿತು

ಡಿಸೆಂಬರ್ 10, ಬುಧವಾರ. ಕಟ್ಟೆಮಳಲವಾಡಿ.

ಅತ್ತೆ ಈ ಜನ್ಮದಲ್ಲಿ ಪಕ್ಕದ ಮನೆ ಚಿಕ್ಕಸಿದ್ದಮ್ಮನ ಹತ್ತಿರ ಮಾತಾಡಲ್ಲವೇನೋ ಅಂತ ಬೆಳಿಗ್ಗೆಯೂ ನನ್ನ ಗಂಡ ಗೌರೀಶ್ ಮುಂದೆ ಅತ್ತಿದ್ದೆ. ಓಣಿಯಲ್ಲಿ ನಮ್ಮ ತಿಪ್ಪೆ ನಾರುತ್ತೆ ಅಂತ ಶುರುವಾದ ಜಗಳ ಪೊಲೀಸ್ ಸ್ಟೇಷನ್ ತನಕ ಹೋಗಿತ್ತು. ಅದಕ್ಕೇ ಹೊಸ ಸೊಸೆಯಾದ ನಾನು ಗ್ರಾಮಸಭೆಯಲ್ಲಿ ಎದ್ದು ನಿಂತು, ಪಂಚಾಯಿತಿಯಿಂದ ಎರೆಹುಳು ಗೊಬ್ಬರದ ತೊಟ್ಟಿ ಕೇಳುವ ಹಕ್ಕು ಎರಡೂ ಮನೆಗಿದೆ ಅಂದಿದ್ದೆ. ಎರಡೂ ಮನೆಗೆ ತೊಟ್ಟಿ ಬಂದು ತಿಪ್ಪೆ ಖಾಲಿಯಾದರೂ ಇಬ್ಬರೂ ಮುಖ ತಿರುಗಿಸಿಕೊಂಡೇ ಓಡಾಡುತ್ತಿದ್ದರು.

ಸಂಜೆ ಚಿಕ್ಕಸಿದ್ದಮ್ಮ ಗೋಡೆಯಾಚೆಯಿಂದ ಬಟ್ಟಲು ಚಾಚಿ, ಹೆಪ್ಪಿಗೆ ಮೊಸರು ಕೇಳುವ ಹಾಗೆ, "ವೀರಕ್ಕ, ನಮ್ ತೊಟ್ಟಿ ಎಪ್ಪಿಗೆ ಒಂದೀಟು ಎರೆಉಳ ಕೊಡಿ" ಅಂದರು. ಅತ್ತೆ ಬಟ್ಟಲು ನೋಡಿ ಅಂದರು:

"ಬಟ್ಲು ಸಾಲ್ದು ಕಣವ್ವ, ಮಂಕ್ರಿ ತತ್ತಾ."

ಬುಟ್ಟಿ ತುಂಬಾ ಹುಳ ಕೊಡ್ತಾರಂತೆ! ನನಗೆ ಅಲ್ಲೇ ಕುಣಿದುಬಿಡೋಣ ಅನ್ನಿಸಿತು. ಈಗಲೂ ಇಬ್ಬರೂ ಗೋಡೆಯ ಹತ್ತಿರ ನಗುತ್ತಿದ್ದಾರೆ. ಗೌರೀಶ್ ಹಸಿವು ಅಂತಿದ್ದಾರೆ. ಇರಲಿ, ಇವತ್ತು ನಾನಂತೂ ಅತ್ತೆಯನ್ನು ಒಳಗೆ ಕರೆಯೋದಿಲ್ಲ.