ಬಾಗಿಲು ಯಾವುದೆಂದು ಕೇಳದ ಗುಳಿಗೆ

ಕೋರೋ ದ್ವೀಪ, ಫಿಜಿ
14 ಮಾರ್ಚ್ 2004

ಪ್ರೀತಿಯ ವಾಸಿತಿ ಅಕ್ಕಾ,

ಹೇಗಿದ್ದೀಯ? ಬ್ರಿಸ್ಬೇನಿನ ಆ ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಕೂರಿಸುವಾಗ ನಿನ್ನ ಸೊಂಟನೋವು ಮತ್ತೆ ಕಾಡುತ್ತಿಲ್ಲವಷ್ಟೆ? ಒಬ್ಬಳೇ ಎತ್ತಬೇಡ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಬರೆಯಲಾರೆ. ನಮ್ಮಜ್ಜಿ ಬುಬು ಕ್ಷೇಮವಾಗಿಲ್ಲ. ಅದಕ್ಕೆ ನೀನೇ ಕಾರಣ.

ಚಂಡಮಾರುತ ಚರ್ಚಿನ ಚಾವಣಿ ಹೊತ್ತೊಯ್ದಂದಿನಿಂದ ತಗಡು ಸದ್ದು ಮಾಡಿದರೆ ಸಾಕು, ಬುಬು ಮೇಜಿನಡಿ ಹೋಗಿ ಕೂರುತ್ತಿದ್ದಳು, ನಿಜ. ಆ ಭಯಕ್ಕೆಂದು ಬಿಸ್ಕತ್ತಿನ ಡಬ್ಬಿಯೊಳಗೆ ಬಿಳಿ ಗುಳಿಗೆ ಇಟ್ಟು ಕಳಿಸಿದೆಯಲ್ಲ, ಅದೇನು ಮಾಡುತ್ತದೆ ಎಂದು ನಾಲ್ಕು ಸಾಲು ಬರೆಯಲು ನಿನಗೆ ಪುರುಸೊತ್ತಿರಲಿಲ್ಲವೇ? ನಾಲ್ಕು ತಿಂಗಳು ನುಂಗಿದ್ದಾಳೆ. ಸುವಾ ನಗರದ ವೈದ್ಯಕೀಯ ವಿದ್ಯಾರ್ಥಿಗಳು ಇಂಥ ಗುಳಿಗೆಗಳ ಬಗ್ಗೆ ಹಂಚಿದ ಕಿರುಹೊತ್ತಿಗೆಯನ್ನು ನಾನು ಮೂರು ಸಲ ಓದಿದೆ. ಮಿದುಳಿನ ಕೋಶಗಳಿಗೆ ಗ್ರಾಹಕಗಳೆಂಬ ಪುಟ್ಟ ಬಾಗಿಲುಗಳಿವೆಯಂತೆ. ಶಾಂತಿ ತರುವ ರಸವೊಂದನ್ನು ಮಿದುಳು ತಾನೇ ಮಾಡಿಕೊಂಡು ಆ ಬಾಗಿಲು ತಟ್ಟುತ್ತದೆ. ಗುಳಿಗೆ ಕೀಲಿಗೆ ಎಣ್ಣೆ ಬಿಟ್ಟಂತೆ. ಸ್ವಲ್ಪ ತಟ್ಟಿದರೂ ಹೆಚ್ಚು ತೆರೆಯುತ್ತದೆ. ಆದರೆ ಬಾಗಿಲಲ್ಲೂ ಜಾತಿಗಳಿವೆ ಅಕ್ಕಾ. ಒಂದನೆಯದು ನಿದ್ದೆಯದು. ಎರಡನೆಯದು, ಮೂರನೆಯದು ಭಯ ಇಳಿಸುವಂಥವು. ನಾಲ್ಕನೆಯದಕ್ಕೆ ಈ ಗುಳಿಗೆ ತಾಗದು. ಐದನೆಯದಕ್ಕೂ ನೆನಪಿಗೂ ನಂಟು. ಬುಬುವಿಗೆ ಬೇಕಾಗಿದ್ದದ್ದು ನಡುವಿನವು ಮಾತ್ರ. ನಿನ್ನ ಗುಳಿಗೆ ಯಾವ ಬಾಗಿಲೆಂದು ಕೇಳದೆ ಉಳಿದ ನಾಲ್ಕಕ್ಕೂ ಎಣ್ಣೆ ಬಿಡುತ್ತದೆ. ವಿಜ್ಞಾನಿಗಳಿಗೆ ಇದು ಗೊತ್ತು, ಮಾರುವವರಿಗೂ ಗೊತ್ತು. ನುಂಗುವವಳಿಗೆ ಮಾತ್ರ ಯಾರೂ ಹೇಳುವುದಿಲ್ಲ!

ಹೊಸ ಚಾವಣಿಯ ಹಬ್ಬಕ್ಕೆ ಬುಬುವೇ ಮೆಕೆ ಕಟ್ಟಬೇಕೆಂದು ಊರು ಕೇಳಿಕೊಂಡಿತ್ತು. ಹೆಂಗಸರು ಸಾಲಾಗಿ ಕೂತು ಹಾಡಿ ಕುಣಿಯುವ ಆ ಹಾಡು ಕಟ್ಟಲು ಈ ದ್ವೀಪದಲ್ಲಿ ಬೇರೆ ಯಾರಿದ್ದಾರೆ? ಸೋಮವಾರ ಆರು ಸಾಲು ಕಲಿಸಿದಳು. ಮಂಗಳವಾರ ನಾವು ಅವನ್ನು ಹಾಡಿದರೆ, ತಲೆದೂಗಿ, “ಚೆನ್ನಾಗೈತಲ್ಲೇ, ಯಾರು ಕಟ್ಟಿದ್ದು?” ಅಂದಳು. ಹೆಂಗಸರು ನಕ್ಕರು. ನಾನು ಮನೆಗೆ ಹೋಗಿ ಮತ್ತೆ ಕಿರುಹೊತ್ತಿಗೆ ತೆಗೆದೆ.

ಸೋದರಮಾವ ಅಪಕುಕಿ ಕಂಡುಹಿಡಿದ ಕಾರಣವೇ ಬೇರೆ. “ಹಾಡು ಕೊಡೋ ಸತ್ತೋದ ಹಿರೀಕರು ಮುನಿಸ್ಕೊಂಡವ್ರೆ. ಯಂಗೋನ ಬೇರು ಕುಟ್ಟಿ ನೀರಿಗೆ ಕಲಸ್ರಿ, ಮುದುಕಿಗೆ ಕುಡ್ಸಿ ಅವಳ ಕೈಲೇ ಅವ್ರನ್ನ ಕೇಳ್ಸೋಣ.” ಗುಳಿಗೆಯ ಮಾತೆತ್ತಿದ್ದಕ್ಕೆ ನನಗೆ, “ಏನೇ ಲೋಸಾನಾ, ಎರಡು ಚೀಟಿ ಓದಿ ಡಾಕ್ಟ್ರಾಗ್ಬಿಟ್ಯಾ? ಹಿರೀಕರ ಮುಂದೆ ಬಟ್ಟಲು ಬ್ಯಾಡ ಅನ್ನೋಕಾಯ್ತದಾ?” ಎಂದ. ಆಗುವುದಿಲ್ಲ, ನಿನಗೂ ಗೊತ್ತು. ಚಪ್ಪಾಳೆ ತಟ್ಟಿ ಕೊಟ್ಟ ಬಟ್ಟಲನ್ನು ಬುಬು ಹೇಗೆ ಬೇಡವೆನ್ನುತ್ತಾಳೆ? ಏಳು ಬಟ್ಟಲು ಕುಡಿದಳು. ಯಂಗೋನದ ಬೇರೂ ಮಂಪರು ತರುವುದೇ. ಒಳಗೆ ಆಗಲೇ ಗುಳಿಗೆ ಕೂತಿತ್ತು. ಚಾಪೆಯ ಮೇಲೆ ಹಾಗೆಯೇ ಜಾರಿದವಳು ಮರುದಿನ ಮಧ್ಯಾಹ್ನದವರೆಗೆ ಕಣ್ಣು ಬಿಡಲಿಲ್ಲ. ಅವಳ ಮೂಗಿನ ಹತ್ತಿರ ಕೈ ಹಿಡಿದು ಉಸಿರು ಎಣಿಸಿದವಳು ನಾನು. ಮಾವನೋ, “ನೋಡು, ಹಿರೀಕರು ಬಂದ್ರು” ಎಂದು ಊರೆಲ್ಲ ಹೇಳಿಕೊಂಡು ಬಂದ.

ಅವಳು ಎದ್ದ ಕೂಡಲೇ ಇಡೀ ಡಬ್ಬಿಯನ್ನು ಸಮುದ್ರಕ್ಕೆ ಎಸೆದೆ. ಒಂದೂ ಉಳಿಸಲಿಲ್ಲ. ಅಳುಕೂ ಇಲ್ಲ. ಅಲ್ಲಿನ ಮುದುಕರಿಗೂ ದಿನಾ ಇದನ್ನೇ ಕೊಡುತ್ತೀಯಲ್ಲ, ಅದು ಅವರ ಭಯಕ್ಕೋ, ಅವರು ಸದ್ದಿಲ್ಲದೆ ಬಿದ್ದಿರಲೆಂದೋ? ಯೋಚನೆ ಮಾಡು. ಇನ್ನು ಮುಂದೆ ಬಿಸ್ಕತ್ತು ಮಾತ್ರ ಕಳಿಸು.

ಅಮ್ಮ ಹರಸಿದ್ದಾಳೆ. ಅಪ್ಪ ನಿನ್ನನ್ನು ದಿನಾ ಪ್ರಾರ್ಥನೆಯಲ್ಲಿ ನೆನೆಯುತ್ತಾನೆ.

ಸಿಟ್ಟಿನಲ್ಲೂ ನಿನ್ನವಳೇ,
ಲೋಸಾನಾ

ಮರೆತೆನೆಂದುಕೊಳ್ಳಬೇಡ, ಇದು ಈಗಷ್ಟೇ ಆದದ್ದು: ಗುಳಿಗೆ ನಿಂತು ಇಂದಿಗೆ ಮೂರು ದಿನ. ಬೆಳಿಗ್ಗೆಯಿಂದ ಬುಬುವಿನ ಕೈ ನಡುಗುತ್ತಿದೆ, ಮೈಯೆಲ್ಲ ಬೆವರು. ನರ್ಸ್ ಮೆರೇಸಿಯಾನಿ ಬಂದವಳು ನನ್ನ ಮೇಲೆ ಹರಿಹಾಯ್ದಳು. ಇಷ್ಟು ದಿನ ನುಂಗಿದ್ದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದಂತೆ; ವಾರಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಬೇಕಂತೆ. ಕಿರುಹೊತ್ತಿಗೆಯಲ್ಲಿ ಇದೊಂದು ಇರಲಿಲ್ಲ. ಅವಳ ಪೆಟ್ಟಿಗೆಯಲ್ಲಿದ್ದ ಅದೇ ಬಗೆಯ ನಾಲ್ಕು ಗುಳಿಗೆ ಕೊಟ್ಟಿದ್ದಾಳೆ. ನಿನ್ನ ಗುಳಿಗೆಯ ಹೆಸರು, ಬಲ ಎರಡೂ ಬೇಕಂತೆ. ಹೆಸರಿದ್ದ ಚೀಟಿ ಡಬ್ಬಿಯ ಜೊತೆಗೇ ಸಮುದ್ರಕ್ಕೆ ಹೋಯಿತು. ಬಿದ್ದ ಟೆಲಿಫೋನ್ ಕಂಬ ಇನ್ನೂ ನೆಟ್ಟಿಲ್ಲ. ಈ ಕಾಗದವನ್ನು ಇವತ್ತಿನ ವಿಮಾನಕ್ಕೆ ಓಡಿಹೋಗಿ ಕೊಡುತ್ತೇನೆ. ಸಿಕ್ಕ ಕೂಡಲೇ ಸುವಾದ ಆಸ್ಪತ್ರೆಗೆ ಫೋನ್ ಮಾಡು, ಅಲ್ಲಿಂದ ರೇಡಿಯೋದಲ್ಲಿ ಮೆರೇಸಿಯಾನಿಗೆ ತಿಳಿಸುತ್ತಾರೆ. ಬೈದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಗುಳಿಗೆ ಕಳಿಸು ಅಕ್ಕಾ, ಬೇಗ ಕಳಿಸು.